ತಂಬೂರಿಗೂ ತಮಟೆಗೂ ಒಂದೇ ಪೆಟ್ಟಿಗೆ

ಹೊಸ ಸ್ಪೀಕರ್ ಕೊಳ್ಳಲು ಪೇಟೆಗೆ ಹೋದ ಗಿರಾಕಿಗೆ ಅಂಗಡಿಯವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, 'ಯಾವ ಥರದ ಹಾಡು ಕೇಳ್ತೀರಿ?' ಶಾಸ್ತ್ರೀಯ ಸಂಗೀತ ಎಂದರೆ ಒಂದು ಜೊತೆ ಪೆಟ್ಟಿಗೆ ಮುಂದೆ ಬರುತ್ತದೆ. ಸಿನಿಮಾ ಹಾಡು ಎಂದರೆ ಇನ್ನೊಂದು ಜೊತೆ, ಅದರೊಂದಿಗೆ ನೆಲ ನಡುಗಿಸುವ ವೂಫರ್.

ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಹಾಸನ ಜಿಲ್ಲೆಯ ಒಂದು ಮಧ್ಯಮ ವರ್ಗದ ಮನೆಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಸುಪ್ರಭಾತ, ಆಮೇಲೆ ವಾರ್ತೆ, ಮಧ್ಯಾಹ್ನ ಭಾವಗೀತೆ, ಸಂಜೆ ಮಕ್ಕಳ ಸಿನಿಮಾ ಹಾಡು, ಹಬ್ಬದ ದಿನ ನಾಗಸ್ವರ, ಬಿಡುವಾದಾಗ ಹಿರಿಯರಿಗೊಂದು ಪ್ರವಚನ. ಮೂರು ತಲೆಮಾರು, ಏಳೆಂಟು ಬಗೆಯ ನಾದ, ಎಲ್ಲಕ್ಕೂ ಸೇರಿ ಒಂದೇ ಜೊತೆ ಪೆಟ್ಟಿಗೆ. ಅಂಗಡಿಯ ವಿಂಗಡಣೆಯ ಪ್ರಕಾರ ಹೋದರೆ ಮನೆಯಲ್ಲಿ ಯಾರಾದರೊಬ್ಬರ ಸಂಗೀತಕ್ಕೆ ಅನ್ಯಾಯವಾಗಲೇಬೇಕು. ಸಾಮಾನ್ಯವಾಗಿ ಅನ್ಯಾಯವಾಗುವುದು ಮೆಲುದನಿಯ ಸಂಗೀತಕ್ಕೆ.

ಒಂದೊಂದು ಸಂಗೀತಕ್ಕೆ ಒಂದೊಂದು ಪೆಟ್ಟಿಗೆ ಬೇಕೆಂಬ ನಂಬಿಕೆ ನಿಜವೇ? ಅದು ಹುಟ್ಟಿದ್ದಾದರೂ ಹೇಗೆ? ಧ್ವನಿವರ್ಧಕ ನಮ್ಮ ಊರುಗಳಿಗೆ ಬಂದ ಬಗೆಯನ್ನು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಕಂಠವೇ ಬಂಡವಾಳ

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲಿರುವ ರುದ್ರಪಟ್ಟಣ ಚಿಕ್ಕ ಊರು. ಆದರೆ ಕರ್ನಾಟಕ ಸಂಗೀತದ ಭೂಪಟದಲ್ಲಿ ಅದರ ಸ್ಥಾನ ದೊಡ್ಡದು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್, 'ರುದ್ರಪಟ್ಟಣಂ ಸಹೋದರರು' ಎಂದೇ ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ತಾರಾನಾಥನ್, ಪಿಟೀಲಿನ ಆರ್.ಆರ್. ಕೇಶವಮೂರ್ತಿ ಎಲ್ಲರೂ ಈ ಊರಿನ ಹೆಸರನ್ನು ಹೊತ್ತವರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರವೂ ಎದ್ದಿದೆ.

ಇಂಥ ಊರುಗಳಲ್ಲಿ ಸಂಗೀತ ಬೆಳೆದದ್ದು ಮೈಕು ಇಲ್ಲದ ಕಾಲದಲ್ಲಿ. ದೇವಸ್ಥಾನದ ಮಂಟಪದಲ್ಲೋ ಮನೆಯ ತೊಟ್ಟಿಯಲ್ಲೋ ಹತ್ತಿಪ್ಪತ್ತು ಮಂದಿ ಕುಳಿತು ಕೇಳುವಾಗ ಗಾಯಕನ ಕಂಠವೇ ಬಂಡವಾಳ. ಸಭೆ ದೊಡ್ಡದಾದಂತೆ ತೊಂದರೆ ಶುರುವಾಯಿತು. ಮೈಸೂರಿನ ಟಿ. ಚೌಡಯ್ಯ 1927ರ ಸುಮಾರಿಗೆ ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿ ಸೇರಿಸಿದ ಕಥೆ ಸಂಗೀತ ಬಲ್ಲವರಿಗೆಲ್ಲ ಗೊತ್ತು. ಸಭೆಯ ಹಿಂದಿನ ಸಾಲಿಗೂ ನಾದ ತಲುಪಬೇಕೆಂಬುದೇ ಅವರ ಉದ್ದೇಶ. ರುದ್ರಪಟ್ಟಣದ ಕೇಶವಮೂರ್ತಿಯವರೂ ಅದೇ ಏಳು ತಂತಿಯ ಪಿಟೀಲನ್ನು ನುಡಿಸಿದರು. ವಾದ್ಯವನ್ನೇ ತಿದ್ದಿ ದನಿ ಹಿಗ್ಗಿಸಿದ ಈ ಯತ್ನದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ನಾದ ದೊಡ್ಡದಾಗಬೇಕು, ಆದರೆ ಪಿಟೀಲು ಪಿಟೀಲಾಗಿಯೇ ಕೇಳಬೇಕು. ಮುಂದೆ ಬಂದ ಯಂತ್ರಗಳಿಗೆ ಈ ಎರಡನೆಯ ಮಾತು ಬಹುಕಾಲ ದಕ್ಕಲಿಲ್ಲ.

ಕಹಳೆಯ ಕಾಲ

ಭಾರತದಲ್ಲಿ ಗ್ರಾಮಫೋನ್ ಕಂಪೆನಿಯ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಇಂಗ್ಲೆಂಡಿನಿಂದ ಬಂದ ಫ್ರೆಡ್ ಗೈಸ್‌ಬರ್ಗ್ ಅಂದು ಮುದ್ರಿಸಿಕೊಂಡವರಲ್ಲಿ ಗೌಹರ್ ಜಾನ್ ಮುಖ್ಯರು. ಈ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕಾಲದ ಮುದ್ರಣದಲ್ಲಿ ವಿದ್ಯುತ್ತಿನ ಪಾತ್ರವೇ ಇರಲಿಲ್ಲ. ಹಾಡುವವರು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ಒತ್ತಡಕ್ಕೆ ಸೂಜಿ ಅಲುಗಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಅರ್ಧ ಗಂಟೆಯ ರಾಗ ಅಷ್ಟರೊಳಗೆ ಮುದುಡಿಕೊಂಡಿತು. ಮಂದ್ರದ ಗಾಂಭೀರ್ಯವೂ ತಾರದ ಮಿನುಗೂ ಹೋಗಿ ನಡುವಿನ ಸ್ವರಗಳಷ್ಟೇ ಉಳಿದವು. 1925ರಲ್ಲಿ ಮೈಕ್ರೊಫೋನ್ ಬಳಸುವ ವಿದ್ಯುತ್ ಮುದ್ರಣ ಬಂದ ಮೇಲೆ ಈ ಇಕ್ಕಟ್ಟು ಸಡಿಲವಾಯಿತು.

ಹಳ್ಳಿಗಳಿಗೆ ಕಹಳೆ ಬಂದದ್ದು ಬೇರೆ ದಾರಿಯಿಂದ. ಟೂರಿಂಗ್ ಟಾಕೀಸಿನ ಡೇರೆಯ ಮೇಲೆ, ಮದುವೆ ಚಪ್ಪರದ ಕಂಬಕ್ಕೆ, ಚುನಾವಣೆಯ ಜೀಪಿನ ನೆತ್ತಿಗೆ ಕಟ್ಟಿದ ತಗಡಿನ ಕಹಳೆ ನಮ್ಮ ಜನ ಕಂಡ ಮೊದಲ ಸ್ಪೀಕರ್. 'ಮೈಕ್ ಸೆಟ್ಟಿನವರು' ಎಂಬ ಹೊಸ ಕಸುಬುದಾರರೇ ಹುಟ್ಟಿಕೊಂಡರು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1981ರ ಸಹಸ್ರಮಾನದ ಮಹಾಮಸ್ತಕಾಭಿಷೇಕಕ್ಕೂ, ಬಳಿಕ 1993, 2006 ಮತ್ತು 2018ರಲ್ಲೂ ಸೇರಿದಂಥ ಜನಸಾಗರವನ್ನು ಬರಿಯ ಕೊರಳಿನಿಂದ ನಿಭಾಯಿಸಲು ಸಾಧ್ಯವಿಲ್ಲ. ಬಯಲಿನಲ್ಲಿ ದೂರಕ್ಕೆ ಮಾತು ಎಸೆಯಲು ಕಹಳೆ ಸಮರ್ಥ ಸಾಧನ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು ಮಾಡುತ್ತದೆ. ಅದಕ್ಕಾಗಿ ಅದು ತೆರುವ ಬೆಲೆ ಎಂದರೆ ಮಂದ್ರ ಧ್ವನಿ ಪೂರ್ತಿ ಮಾಯ. ಮೃದಂಗದ ಎಡ ಮುಖ ಕಹಳೆಯಲ್ಲಿ ಕೇಳುವುದೇ ಇಲ್ಲ. ನಾಗಸ್ವರ ಕಿವಿ ಇರಿಯುತ್ತದೆ.

ಮನೆಯೊಳಗಿನ ಕೇಳ್ಮೆಯನ್ನು ಬದಲಿಸಿದ್ದು ರೇಡಿಯೋ. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ತೆರೆದರು. 'ಆಕಾಶವಾಣಿ' ಎಂಬ ಹೆಸರು ನೆಲೆಯಾದದ್ದು ಆ ಕೇಂದ್ರದಿಂದ. ಬೆಂಗಳೂರು ಕೇಂದ್ರ 1955ರಲ್ಲಿ ಕೆಲಸ ಆರಂಭಿಸಿತು. ಶ್ರೀಕಂಠನ್ ಮೂರು ದಶಕಗಳಷ್ಟು ಕಾಲ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದರು. ಅಕ್ಷರ ಅಕ್ಷರವೂ ಬಿಡಿಯಾಗಿ ಕೇಳುವ ಅವರ ಉಚ್ಚಾರಣೆ ರೇಡಿಯೋ ಕೇಳುಗರಿಗೆ ಹೇಳಿ ಮಾಡಿಸಿದಂತಿತ್ತು. ಆಗಿನ ಮೀಡಿಯಂ ವೇವ್ ಸೆಟ್ಟುಗಳಲ್ಲಿ ಸೆಕೆಂಡಿಗೆ 5,000 ಕಂಪನಗಳಾಚೆಯ ಸೂಕ್ಷ್ಮ ಧ್ವನಿ ಹೆಚ್ಚುಕಡಿಮೆ ಕೇಳುತ್ತಲೇ ಇರಲಿಲ್ಲ. ಎಫ್.ಎಂ. ಪ್ರಸಾರ 15,000 ಕಂಪನಗಳವರೆಗೆ ಹೋಗಬಲ್ಲದು. 102.2 ಮೆಗಾಹರ್ಟ್ಸ್‌ನ ಹಾಸನ ಆಕಾಶವಾಣಿ ಎಫ್.ಎಂ. ಕೇಂದ್ರ. ಅದರ ವಾರ್ತೆ, ಹಾಡು ಕೇಳುವವರಿಗೆ ಮೀಡಿಯಂ ವೇವ್‌ಗಿಂತ ವಿಶಾಲವಾದ ಧ್ವನಿ ದೊರೆಯಿತು. ಅದನ್ನು ಪೂರ್ತಿ ಹೊರಡಿಸಬಲ್ಲ ಸ್ಪೀಕರ್ ಮನೆಯಲ್ಲಿರಬೇಕಷ್ಟೆ.

ಕಾಗದದ ಆಲಿಕೆ

ಇಂದು ಮನೆಮನೆಯಲ್ಲಿರುವ ಸ್ಪೀಕರಿನ ಮೂಲರೂಪ 1925ರದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಅದನ್ನು ಪ್ರಕಟಿಸಿದರು. ತತ್ತ್ವ ಸರಳ. ಕಾಗದದ ಆಲಿಕೆಯೊಂದರ ತುದಿಗೆ ತಂತಿಯ ಸುರುಳಿ ಅಂಟಿಸಿ, ಆ ಸುರುಳಿಯನ್ನು ಅಯಸ್ಕಾಂತದ ನಡುವೆ ತೂಗಬಿಡುವುದು. ಹಾಡಿನ ಏರಿಳಿತಕ್ಕೆ ಸರಿಯಾಗಿ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಆಲಿಕೆ ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಗಾಳಿಯ ಆ ಅಲುಗಾಟವೇ ನಮಗೆ ಕೇಳುವ ಹಾಡು.

ಮಂದ್ರ ಧ್ವನಿಗೆ ಹೆಚ್ಚು ಗಾಳಿ ತಳ್ಳಬೇಕು, ಆದ್ದರಿಂದ ಆಲಿಕೆ ದೊಡ್ಡದಿರಬೇಕು. ತಾರ ಧ್ವನಿಗೆ ವೇಗವಾಗಿ ಅಲುಗಬೇಕು, ಆದ್ದರಿಂದ ಆಲಿಕೆ ಹಗುರವಾಗಿ ಚಿಕ್ಕದಿರಬೇಕು. ಒಂದೇ ಆಲಿಕೆಯಿಂದ ಎರಡೂ ಚೆನ್ನಾಗಿ ಆಗುವುದು ಕಷ್ಟ. ಅದಕ್ಕೇ ವೂಫರ್, ಟ್ವೀಟರ್ ಎಂಬ ಇಬ್ಬರು ಆಳುಗಳು. ಯಾರಿಗೆ ಯಾವ ಕೆಲಸ ಎಂದು ಹಂಚಿಕೊಡಲು ಕ್ರಾಸ್‌ಓವರ್ ಎಂಬ ಮೇಸ್ತ್ರಿ. ಸ್ಪೀಕರುಗಳಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಭೇದ ಬಹುಮಟ್ಟಿಗೆ ತಿಳಿಯುವುದು ಈ ಇಬ್ಬರೂ ಕೈಬದಲಾಯಿಸುವ ಜಾಗದಲ್ಲಿ. ಸಾಮಾನ್ಯವಾಗಿ ಅದು ಸೆಕೆಂಡಿಗೆ 2,000ದಿಂದ 3,000 ಕಂಪನಗಳ ನಡುವೆ ಇರುತ್ತದೆ. ವ್ಯಂಜನಗಳು ಸ್ಪಷ್ಟವಾಗಿ ಕೇಳಲು ಬೇಕಾದ ಪ್ರದೇಶವೂ ಅದೇ. ಮೇಸ್ತ್ರಿ ಎಡವಿದರೆ ಹಾಡುವವರಿಗೆ ನೆಗಡಿಯಾದಂತೆ ಕೇಳುತ್ತದೆ.

ಮಡಕೆಯ ಗುಮ್ಮು

1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ಟನ್ನು ಹೊರತಂದಿತು. ನಮ್ಮಲ್ಲಿ ಅದು ಮನೆಮಾತಾಗಲು ಒಂದೂವರೆ ದಶಕ ಬೇಕಾಯಿತು. ಕನ್ನಡದ ಮಟ್ಟಿಗೆ 1978 ದೊಡ್ಡ ವರ್ಷ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಭಾವಗೀತೆಗಳ ಮೊದಲ ಕ್ಯಾಸೆಟ್ಟಾಗಿ ಬಂತು. ಮುಂದಿನ ಹದಿನೈದು ವರ್ಷ ಕ್ಯಾಸೆಟ್ಟಿನದೇ ರಾಜ್ಯ. ಟೂ-ಇನ್-ಒನ್ ಇಲ್ಲದ ಮನೆ ಇಲ್ಲವೆಂಬಂತಾಯಿತು.

ಟೂ-ಇನ್-ಒನ್‌ನ ಪುಟ್ಟ ಸ್ಪೀಕರಿನಲ್ಲಿ 'ಬೇಸ್' ಸಾಲದೆನಿಸಿದ ಹುಡುಗರು ಅದಕ್ಕೊಂದು ಉಪಾಯ ಕಂಡುಕೊಂಡರು. ಬೇರೆಯ ಸ್ಪೀಕರ್ ತಂದು ಮಣ್ಣಿನ ಮಡಕೆಯ ಬಾಯಿಗೆ ಬೋರಲು ಹಾಕುವುದು. ಸದ್ದು ಕೂಡಲೇ ದುಪ್ಪಟ್ಟಾದಂತೆ ಅನಿಸುತ್ತಿತ್ತು. ಇದರಲ್ಲಿ ವಿಜ್ಞಾನವಿದೆ. ಆಲಿಕೆ ಮುಂದಕ್ಕೆ ತಳ್ಳಿದಾಗ ಹಿಂದೆ ಗಾಳಿ ಸೆಳೆಯಲ್ಪಡುತ್ತದೆ. ಬರಿಯ ಸ್ಪೀಕರಿನಲ್ಲಿ ಮುಂದಿನ ತರಂಗವನ್ನು ಹಿಂದಿನದು ನುಂಗಿಹಾಕುತ್ತದೆ. ಮಡಕೆ ಇವೆರಡನ್ನೂ ಬೇರ್ಪಡಿಸಿ ಮಂದ್ರ ಧ್ವನಿಯನ್ನು ಉಳಿಸುತ್ತದೆ. ಆದರೆ ಘಟ ನುಡಿಸುವವರಿಗೆ ಗೊತ್ತಿರುವಂತೆ ಪ್ರತಿ ಮಡಕೆಗೂ ತನ್ನದೇ ಒಂದು ಶ್ರುತಿಯಿದೆ. ಹಾಡಿನಲ್ಲಿ ಆ ಶ್ರುತಿಯ ಸಮೀಪದ ಸ್ವರ ಬಂದಾಗಲೆಲ್ಲ ಮಡಕೆ ತಾನೂ ಗುಮ್ಮೆನ್ನುತ್ತದೆ. ಮೃದಂಗ, ತಬಲ, ಬೇಸ್ ಗಿಟಾರ್ ಯಾವುದೇ ಬರಲಿ, ಕೇಳುವುದು ಒಂದೇ ಗುಮ್ಮು. ಕೇಳುಗರು ಇದನ್ನೇ ಬೇಸ್ ಎಂದುಕೊಂಡರು.

ಪ್ಲೈವುಡ್ ಪೆಟ್ಟಿಗೆಗಳ ಕಥೆಯೂ ಇದೇ. ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ಚಿಕ್ಕ ಪೆಟ್ಟಿಗೆಯಿಂದ ಆಳವಾದ ಮಂದ್ರ ಹೊರಡಿಸಬಹುದೆಂದು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ತೋರಿಸಿಕೊಟ್ಟಿದ್ದ. ಯಾವ ಸ್ಪೀಕರಿಗೆ ಎಷ್ಟು ಅಳತೆಯ ಪೆಟ್ಟಿಗೆ ಬೇಕೆಂಬ ಲೆಕ್ಕವನ್ನು 1961ರಿಂದ 1970ರ ದಶಕದವರೆಗೆ ಆಸ್ಟ್ರೇಲಿಯದಲ್ಲಿ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಸಿದ್ಧಪಡಿಸಿದ್ದರು. ಪೆಟ್ಟಿಗೆ ಮಾಡುವ ನಮ್ಮ ಬಡಗಿಯವರೆಗೆ ಆ ಲೆಕ್ಕ ತಲುಪಲಿಲ್ಲ. ಅಂದಾಜಿನ ಪೆಟ್ಟಿಗೆ, ಅಂದಾಜಿನ ರಂಧ್ರ, ಅಂದಾಜಿನ ನಾದ.

1990ರ ದಶಕದಲ್ಲಿ ಇದಕ್ಕೆ ಪಿ.ಎಂ.ಪಿ.ಒ. ಎಂಬ ಮಾಯಾಮಂತ್ರ ಸೇರಿಕೊಂಡಿತು. ಕ್ಷಣದ ಒಂದು ತುಣುಕಿನಲ್ಲಿ ಯಂತ್ರ ಕಕ್ಕಬಹುದಾದ ಕಾಲ್ಪನಿಕ ಶಕ್ತಿಯನ್ನು ಸಾವಿರ ವಾಟ್, ಎರಡು ಸಾವಿರ ವಾಟ್ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಾಯಿತು. ಅದೇ ಯಂತ್ರದ ಬೆನ್ನಿನ ಚೀಟಿಯನ್ನು ಓದಿದ್ದರೆ ಗೋಡೆಯ ಪ್ಲಗ್ಗಿನಿಂದ ಅದು ಎಳೆಯುವ ವಿದ್ಯುತ್ತು ಎಷ್ಟು ಕಡಿಮೆಯೆಂಬುದು ತಿಳಿಯುತ್ತಿತ್ತು. ನಲವತ್ತು ವಾಟ್ ಒಳಗೆ ಬಿಟ್ಟುಕೊಂಡು ಸಾವಿರ ವಾಟ್ ಸಂಗೀತ ಹೊರಡಿಸುವ ಯಂತ್ರ ಲೋಕದಲ್ಲಿಲ್ಲ. ಮನೆಯ ಕೋಣೆಯಲ್ಲಿ ಹಿತವಾಗಿ ಹಾಡು ಕೇಳುವಾಗ ಸ್ಪೀಕರ್ ಸರಾಸರಿ ಬಳಸುವುದು ಒಂದು ವಾಟ್ ಇದ್ದರೆ ಹೆಚ್ಚು. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಆ ಕಾಲದ ಜಾಹೀರಾತುಗಳು ತಿರುಗುಮುರುಗು ಮಾಡಿದವು.

'ಸಿನಿಮಾ ಹಾಡಿಗೆ ಬೇರೆ ಸ್ಪೀಕರ್' ಎಂಬ ನಂಬಿಕೆ ಬೇರೂರಿದ್ದು ಮಡಕೆ ಮತ್ತು ಪಿ.ಎಂ.ಪಿ.ಒ.ಗಳ ಈ ಕಾಲದಲ್ಲಿ. ಗುಮ್ಮು ಹೆಚ್ಚಿರುವ ಪೆಟ್ಟಿಗೆ ಸಿನಿಮಾ ಹಾಡಿಗೆ, ಗುಮ್ಮಿಲ್ಲದ್ದು ಶಾಸ್ತ್ರೀಯಕ್ಕೆ ಎಂದು ವ್ಯಾಪಾರ ವಿಂಗಡಿಸಿತು.

ತಂಬೂರಿ ಕೇಳುವುದೇನು?

ಒಂದೊಂದು ವಾದ್ಯವೂ ಸ್ಪೀಕರಿನಿಂದ ನಿಜವಾಗಿ ಏನನ್ನು ಬೇಡುತ್ತದೆ? ಹಾರ್ಮೋನಿಯಂನ ಮೊದಲ ಬಿಳಿ ಮನೆಯನ್ನು ಶ್ರುತಿಯಾಗಿ ಇಟ್ಟುಕೊಂಡ ಗಾಯಕನ ಆಧಾರ ಷಡ್ಜ ಸೆಕೆಂಡಿಗೆ ಸುಮಾರು 130 ಕಂಪನ. ತಂಬೂರಿಯ ಮಂದ್ರ ಷಡ್ಜದ ತಂತಿ ಅದರ ಅರ್ಧ, ಅಂದರೆ 65. ನಾಲ್ಕಿಂಚಿನ ವೂಫರ್ ಅಷ್ಟು ಕೆಳಕ್ಕೆ ಇಳಿಯಲು ತಿಣುಕುತ್ತದೆ. ಹಾಗಿದ್ದೂ ಒಳ್ಳೆಯ ಚಿಕ್ಕ ಪೆಟ್ಟಿಗೆಯಲ್ಲಿ ತಂಬೂರಿ ತಂಬೂರಿಯಂತೆಯೇ ಕೇಳುತ್ತದೆ. ಕಾರಣ, ತಂಬೂರಿಯ ಜೀವ ಇರುವುದು ಮೂಲ ಸ್ವರಕ್ಕಿಂತ ಅದರ ಮೇಲೇಳುವ ಅನುಸ್ವರಗಳಲ್ಲಿ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ನೂಲಿನ ಎಳೆ ಆ ಅನುಸ್ವರಗಳನ್ನು ಎಬ್ಬಿಸುತ್ತದೆ. ಸರ್ ಸಿ.ವಿ. ರಾಮನ್ 1921ರಲ್ಲೇ ತಂಬೂರಿ ಮತ್ತು ವೀಣೆಗಳ ಈ ವಿಶೇಷದ ಬಗ್ಗೆ ಬರೆದಿದ್ದರು. ಅನುಸ್ವರಗಳ ಸಾಲು ಸರಿಯಾಗಿ ಬಂದರೆ ಕೆಳಗಿನ ಷಡ್ಜವನ್ನು ನಮ್ಮ ಕಿವಿ ತಾನೇ ಊಹಿಸಿ ತುಂಬಿಕೊಳ್ಳುತ್ತದೆ.

ಮೃದಂಗದ್ದು ಇನ್ನೊಂದು ಅಚ್ಚರಿ. ಸಾಮಾನ್ಯ ಚರ್ಮವಾದ್ಯಗಳ ಅನುಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲ ಮುಖಕ್ಕೆ ಮೆತ್ತುವ ಕಪ್ಪು ಕರಣೆ ಅವುಗಳನ್ನು ತಂತಿವಾದ್ಯದಂತೆ ಶ್ರುತಿಗೆ ಕೂರಿಸುತ್ತದೆ. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ರಾಮನ್ ಪ್ರಕಟಿಸಿದ ಪ್ರಬಂಧ ಇದನ್ನೇ ವಿವರಿಸುತ್ತದೆ. ತಮ್ಮದೇ ಗುಮ್ಮು ಸೇರಿಸುವ ಪೆಟ್ಟಿಗೆಗಳಲ್ಲಿ ಮೊದಲು ಹಾಳಾಗುವುದು ಶ್ರುತಿಗೆ ಕೂತ ಈ ನಾದ. ತಮಟೆ, ನಗಾರಿಗಳಿಗೆ ಬೇಕಾದದ್ದು ಏಟಿನ ಚುರುಕು. ಕೋಲು ಬಿದ್ದ ಕ್ಷಣವೇ ಸದ್ದು ಹುಟ್ಟಬೇಕು, ಕೂಡಲೇ ನಿಲ್ಲಬೇಕು. ಸೋಬಾನೆ ಪದಕ್ಕೆ, ಮೂಡಲಪಾಯದ ಭಾಗವತಿಕೆಗೆ ಕಂಠದ ಒರಟು ಅಂಚು ಉಳಿಯಬೇಕು. ಸಿನಿಮಾ ಹಾಡಿನ ಬೇಸ್ ಗಿಟಾರಿನ ದಪ್ಪ ತಂತಿ 41 ಕಂಪನಗಳವರೆಗೆ ಇಳಿಯುತ್ತದೆ. ಅದನ್ನು ಪೂರ್ತಿ ಕೇಳಬೇಕೆಂದರೆ ದೊಡ್ಡ ವೂಫರ್ ಬೇಕು, ನಿಜ. ಆದರೆ ಅದು ಹೆಚ್ಚುವರಿ ಅನುಕೂಲ. ಉಳಿದೆಲ್ಲ ಬೇಡಿಕೆಗಳೂ ಒಂದೇ ಕಡೆಗೆ ಬೆರಳು ಮಾಡುತ್ತವೆ: ಪೆಟ್ಟಿಗೆ ತನ್ನದೇನನ್ನೂ ಸೇರಿಸಬಾರದು, ಬಂದದ್ದರಲ್ಲಿ ಏನನ್ನೂ ಕಳೆಯಬಾರದು.

ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡ ಅ.ನ.ಕೃ. ಅವರ 'ಸಂಧ್ಯಾರಾಗ' ಕಾದಂಬರಿ 1966ರಲ್ಲಿ ಚಲನಚಿತ್ರವಾಯಿತು. ರಾಜ್‌ಕುಮಾರ್ ಅಭಿನಯದ ಆ ಚಿತ್ರಕ್ಕೆ ಹಿಂದೂಸ್ತಾನಿಯ ಭೀಮಸೇನ ಜೋಶಿ, ಕರ್ನಾಟಕ ಸಂಗೀತದ ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ. ಇದನ್ನು ಯಾವ ಸ್ಪೀಕರಿನಲ್ಲಿ ಕೇಳಬೇಕು? ಶಾಸ್ತ್ರೀಯದ್ದರಲ್ಲೋ, ಸಿನಿಮಾದ್ದರಲ್ಲೋ? ಅಂಗಡಿಯ ವಿಂಗಡಣೆ ಇಲ್ಲಿ ಕೈಚೆಲ್ಲುತ್ತದೆ.

ತೆರೆಯ ಹಿಂದಿನ ತೀರ್ಪು

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರು ಕೆನಡಾದ ವಿಜ್ಞಾನಿ ಫ್ಲಾಯ್ಡ್ ಟೂಲ್. ಒಟ್ಟಾವಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಅವರು ಸ್ಪೀಕರುಗಳನ್ನು ತೆರೆಯ ಹಿಂದೆ ಇಟ್ಟು, ಎಲ್ಲದರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು, ಬಗೆಬಗೆಯ ಸಂಗೀತ ನುಡಿಸಿ, ಕೇಳುಗರಿಂದ ಅಂಕ ಹಾಕಿಸಿದರು. 1985-86ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರಿಗೆ ಆಶ್ಚರ್ಯ ತಂದಿತು. ಬ್ರಾಂಡು, ಬೆಲೆ, ಗಾತ್ರ ಕಣ್ಣಿಗೆ ಬೀಳದಿದ್ದಾಗ ಬೇರೆ ಬೇರೆ ಅಭಿರುಚಿಯ ಜನರೂ ಬಹುಮಟ್ಟಿಗೆ ಒಂದೇ ಸ್ಪೀಕರುಗಳನ್ನು ಮೆಚ್ಚಿದರು. ಮಂದ್ರದಿಂದ ತಾರದವರೆಗೆ ಎಲ್ಲ ಸ್ವರಕ್ಕೂ ಸಮಾನ ನ್ಯಾಯ ಸಲ್ಲಿಸುವ, ಎದುರಿಗೆ ಕುಳಿತವರಿಗೂ ಪಕ್ಕದಲ್ಲಿ ಕುಳಿತವರಿಗೂ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಕೇಳುವ ಸ್ಪೀಕರುಗಳು ಅವು. ತೆರೆ ತೆಗೆದರೆ ಅದೇ ಜನರ ಅಂಕಗಳು ಬದಲಾಗುತ್ತವೆಂದು 1994ರಲ್ಲಿ ಷಾನ್ ಆಲಿವ್ ತೋರಿಸಿದರು. ದೊಡ್ಡ ಪೆಟ್ಟಿಗೆ ಕಣ್ಣಿಗೆ ಬಿದ್ದ ಕೂಡಲೇ ಕಿವಿಯೂ ಅದರ ಪರ ವಾಲುತ್ತದೆ.

ಬ್ರಿಟನ್ನಿನ ಬಿ.ಬಿ.ಸಿ.ಯ ಎಂಜಿನಿಯರುಗಳು ಇದೇ ತೀರ್ಮಾನಕ್ಕೆ ಇನ್ನೊಂದು ದಾರಿಯಿಂದ ಬಂದಿದ್ದರು. ಸ್ಟುಡಿಯೋದಲ್ಲಿ ಮಾತಾಡುವವರ ದನಿಯನ್ನು ನೇರವಾಗಿ ಕೇಳಿ, ಪಕ್ಕದ ಕೋಣೆಯ ಸ್ಪೀಕರಿನಲ್ಲಿ ಬರುವ ಅದೇ ದನಿಯೊಂದಿಗೆ ಅವರು ಹೋಲಿಸಿ ನೋಡುತ್ತಿದ್ದರು. 1970ರ ದಶಕದ ಅವರ ಪುಟ್ಟ ಎಲ್.ಎಸ್. 3/5ಎ ಸ್ಪೀಕರ್ ಮನುಷ್ಯ ಕಂಠದ ಸಹಜತೆಗಾಗಿ ಜಗತ್ತಿನಾದ್ಯಂತ ಹೆಸರಾಯಿತು. ಹುಟ್ಟಿದಂದಿನಿಂದ ನಾವು ಕೇಳುತ್ತಾ ಬಂದಿರುವ ನಾದ ಮನುಷ್ಯನ ದನಿ. ಅದರಲ್ಲಿ ಸುಳ್ಳು ಸೇರಿದರೆ ಸಂಗೀತ ಬಾರದವರಿಗೂ ಗೊತ್ತಾಗುತ್ತದೆ.

ಹೊಳೆನರಸೀಪುರದಂಥ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇದಾಂತ ಗ್ರಂಥಗಳಿಗೆ ಹೆಸರಾದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಇರುವ ಊರು ಅದು. ಪ್ರವಚನ ಕೇಳುವವರಿಗೆ ಶ, ಷ, ಸಗಳ ಭೇದ, ಅಲ್ಪಪ್ರಾಣ ಮಹಾಪ್ರಾಣದ ಭೇದ, ಒತ್ತಕ್ಷರದ ಒತ್ತು ಮುಖ್ಯ. ಗುಮ್ಮುವ ಪೆಟ್ಟಿಗೆಯಲ್ಲಿ ಇವೆಲ್ಲ ಕಲಸುಮೇಲೋಗರ. ಪ್ರವಚನ ಚೆನ್ನಾಗಿ ಕೇಳುವ ಪೆಟ್ಟಿಗೆಯಲ್ಲಿ ಭಾವಗೀತೆಯೂ, ಕೀರ್ತನೆಯೂ, ಸಿನಿಮಾ ಹಾಡಿನ ಸಾಹಿತ್ಯವೂ ಚೆನ್ನಾಗಿಯೇ ಕೇಳುತ್ತವೆ.

ಎರಡು ಪೆಟ್ಟಿಗೆ ಏಕೆ?

ಸ್ಟೀರಿಯೋ ಎಂದರೆ ಎರಡು ಪಟ್ಟು ಸದ್ದು ಎಂದು ತಿಳಿದವರು ಇಂದಿಗೂ ಇದ್ದಾರೆ. ಇಂಗ್ಲೆಂಡಿನ ಅಲನ್ ಬ್ಲೂಮ್ಲೀನ್ 1931ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದು ಬೇರೆಯೇ ಕಾರಣಕ್ಕೆ. ಸಿನಿಮಾದಲ್ಲಿ ನಟ ಪರದೆಯ ಆ ತುದಿಗೆ ನಡೆದುಹೋದರೂ ಅವನ ದನಿ ಇದ್ದಲ್ಲಿಂದಲೇ ಬರುವುದು ಅವನಿಗೆ ವಿಚಿತ್ರವಾಗಿ ಕಂಡಿತ್ತು. ಎರಡು ಕಿವಿಗೆ ತುಸು ಬೇರೆ ಬೇರೆ ಧ್ವನಿ ಕೊಟ್ಟು ನಡುವೆ ಒಂದು ರಂಗಸ್ಥಳವನ್ನೇ ನಿರ್ಮಿಸುವುದು ಸ್ಟೀರಿಯೋದ ಉದ್ದೇಶ. ಗಾಯಕ ನಡುವೆ, ಪಿಟೀಲು ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ. ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬರಲು 1958 ಆಗಬೇಕಾಯಿತು.

ನಮ್ಮ ಮನೆಗಳಲ್ಲಿ ಈ ರಂಗಸ್ಥಳಕ್ಕೆ ಒದಗಿದ ಗತಿ ಹೇಳತೀರದು. ಒಂದು ಪೆಟ್ಟಿಗೆ ನಡುಮನೆಯ ಷೋಕೇಸಿನಲ್ಲಿ, ಇನ್ನೊಂದು ಅಡುಗೆಮನೆಯ ಅಟ್ಟದ ಮೇಲೆ. ಅಮ್ಮನಿಗೆ ತಬಲ, ಅಪ್ಪನಿಗೆ ಕೊಳಲು!

ಕೋಣೆಯೂ ಒಂದು ವಾದ್ಯ

ಒಳ್ಳೆಯ ಪೆಟ್ಟಿಗೆ ತಂದರೂ ಅರ್ಧ ನಾದವನ್ನು ನಿರ್ಧರಿಸುವುದು ಕೋಣೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಮಾಡಿದ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮಾತು ಮಾತಿನ ಮೇಲೆ ಬಿದ್ದು ಮೊಳಗುತ್ತಿತ್ತು. ಕಾರಣ ಹುಡುಕಲು ನೇಮಕವಾದ ಯುವ ಅಧ್ಯಾಪಕ ವ್ಯಾಲೇಸ್ ಸಬೀನ್ ನಾಟಕಶಾಲೆಯೊಂದರ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಎಷ್ಟು ದಿಂಬಿಗೆ ಎಷ್ಟು ಮೊಳಗು ಕಡಿಮೆಯಾಗುತ್ತದೆಂದು ಅಳೆದ. ಕಟ್ಟಡಗಳ ಧ್ವನಿಶಾಸ್ತ್ರ ಹುಟ್ಟಿದ್ದು ಆ ದಿಂಬುಗಳಿಂದ.

ಮಣ್ಣಿನ ಗೋಡೆ, ನಾಡಹೆಂಚಿನ ಸೂರು, ಕಾಳಿನ ಮೂಟೆ, ಹಾಸಿದ ಚಾಪೆ ಇರುವ ಹಳೆಯ ಮನೆಗಳಲ್ಲಿ ಮೊಳಗು ಕಡಿಮೆ. ಆರ್.ಸಿ.ಸಿ. ಚಾವಣಿ, ನುಣುಪಾದ ನೆಲ, ಬೋಳು ಗೋಡೆಯ ಹೊಸ ಮನೆಗಳಲ್ಲಿ ಹೆಚ್ಚು. ಹತ್ತಡಿಗೆ ಹತ್ತಡಿಯ ಚೌಕ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 56 ಕಂಪನಗಳ ಸ್ವರ ಸಿಕ್ಕಿಹಾಕಿಕೊಂಡು ಉಬ್ಬುತ್ತದೆ. ಅಗಲ, ಉದ್ದ ಎರಡೂ ಒಂದೇ ಆದ್ದರಿಂದ ಉಬ್ಬರವೂ ಇಮ್ಮಡಿ. ಅಂಥ ಕೋಣೆಯ ಮೂಲೆಗೆ ದೊಡ್ಡ ವೂಫರ್ ಇಟ್ಟರೆ ಮಡಕೆಯ ಗುಮ್ಮು ಮರಳಿ ಬಂದಂತೆಯೇ. ಚಿಕ್ಕ ಕೋಣೆಗೆ ಐದು ಆರಿಂಚಿನ ವೂಫರ್ ಇರುವ ಪೆಟ್ಟಿಗೆ ಧಾರಾಳವಾಗಿ ಸಾಕು. ಒಂದು ದಪ್ಪ ಪರದೆ, ನೆಲಕ್ಕೊಂದು ಜಮಖಾನ, ಪುಸ್ತಕ ತುಂಬಿದ ಕಪಾಟು ಮಾಡುವ ಉಪಕಾರವನ್ನು ಸಾವಿರಾರು ರೂಪಾಯಿಯ ಹೆಚ್ಚುವರಿ ಯಂತ್ರ ಮಾಡಲಾರದು.

ಕೊಳ್ಳುವ ಮುನ್ನ

ಇಷ್ಟು ತಿಳಿದ ಮೇಲೆ ಆಯ್ಕೆ ಅಷ್ಟು ಕಷ್ಟವಲ್ಲ. ಅಂಗಡಿಗೆ ಹೋಗುವಾಗ ನಿಮಗೆ ಚೆನ್ನಾಗಿ ಪರಿಚಯವಿರುವ ನಾಲ್ಕೈದು ಧ್ವನಿಗಳನ್ನು ಜೊತೆಗೆ ಒಯ್ಯಿರಿ: ಒಂದು ಮಾತು ಅಥವಾ ಪ್ರವಚನ, ತಂಬೂರಿ ಮೃದಂಗ ಸ್ಪಷ್ಟವಾಗಿರುವ ಒಂದು ಕೀರ್ತನೆ, ಒಂದು ನಾಗಸ್ವರ, ಒಂದು ತಮಟೆ ಅಥವಾ ಡೊಳ್ಳು, ವಾದ್ಯಮೇಳ ತುಂಬಿದ ಒಂದು ಸಿನಿಮಾ ಹಾಡು. ಅಂಗಡಿಯವರು ಹಾಕುವ ಹಾಡು ಅವರ ಪೆಟ್ಟಿಗೆಗೆ ಒಪ್ಪುವುದೇ ಆಗಿರುತ್ತದೆ. ಮೊದಲು ಮಾತು ಕೇಳಿ. ಮಾತು ಸರಿಯಿಲ್ಲದಿದ್ದರೆ ಮುಂದಿನದನ್ನು ಕೇಳುವ ಅಗತ್ಯವೇ ಇಲ್ಲ.

ಎರಡು ಜೊತೆಗಳನ್ನು ಹೋಲಿಸುವಾಗ ಸದ್ದು ಸಮವಾಗಿರಬೇಕು. ಕೂದಲೆಳೆಯಷ್ಟು ಜೋರಾಗಿರುವುದು ಕಿವಿಗೆ ಯಾವಾಗಲೂ ಉತ್ತಮವೆನಿಸುತ್ತದೆ. ಬೇಸ್, ಟ್ರೆಬಲ್ ತಿರುಗಣೆಗಳು ನಡುವಿನಲ್ಲಿರಲಿ. ತಗ್ಗಿದ ಸದ್ದಿನಲ್ಲೂ ಪದಗಳು ಕೇಳುತ್ತವೆಯೇ ನೋಡಿ. ಮನೆಯಲ್ಲಿ ನಾವು ಹೆಚ್ಚಾಗಿ ಕೇಳುವುದು ಹಾಗೆಯೇ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ನಿಗದಿ ಮಾಡಿದ ಮಿತಿ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್. ನೆರೆಯವರ ನಿದ್ದೆಗೂ ಒಂದು ಬೆಲೆಯಿದೆ.

ಮನೆಗೆ ತಂದ ಮೇಲೆ ಎರಡೂ ಪೆಟ್ಟಿಗೆಗಳನ್ನು ಒಂದೇ ಗೋಡೆಯ ಕಡೆ, ನಡುವೆ ಐದಾರು ಅಡಿ ಬಿಟ್ಟು, ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ ಬರುವಂತೆ ಇಡಿ. ಕುಳಿತುಕೊಳ್ಳುವ ಜಾಗವೂ ಎರಡರಿಂದ ಸರಿಸುಮಾರು ಅಷ್ಟೇ ದೂರವಿರಲಿ. ಗೋಡೆಗೆ ಅಂಟಿಸಬೇಡಿ, ಮೂಲೆಗೆ ತುರುಕಬೇಡಿ. ತಂತಿಯ ಕೆಂಪು ಕಪ್ಪು ತುದಿಗಳು ಎರಡೂ ಕಡೆ ಒಂದೇ ರೀತಿ ಕೂಡಿರಬೇಕು. ಪರೀಕ್ಷೆ ಸುಲಭ: ವಾರ್ತೆ ಹಾಕಿ ನಟ್ಟನಡುವೆ ಕುಳಿತಾಗ ಓದುವವರು ಎರಡು ಪೆಟ್ಟಿಗೆಗಳ ಮಧ್ಯದ ಖಾಲಿ ಜಾಗದಿಂದ ಮಾತಾಡಿದಂತೆ ಕೇಳಬೇಕು. ದನಿ ಎಲ್ಲೆಲ್ಲಿಂದಲೋ ಬಂದು ತೆಳ್ಳಗಾಗಿದ್ದರೆ ತಂತಿ ಅದಲುಬದಲಾಗಿದೆ ಎಂದೇ ಅರ್ಥ.

ಈಗ ಬ್ಲೂಟೂತ್ ಸ್ಪೀಕರ್, ಸೌಂಡ್‌ಬಾರ್‌ಗಳ ಕಾಲ. ಅಂಗೈಯಗಲದ ಪೆಟ್ಟಿಗೆಗಳು ಒಳಗಿನ ಗಣಕದ ಚಮತ್ಕಾರದಿಂದ ಮಂದ್ರವನ್ನು ಹಿಗ್ಗಿಸುತ್ತವೆ. ಅನುಕೂಲವೇನೋ ನಿಜ. ಪರೀಕ್ಷೆ ಮಾತ್ರ ಅದೇ: ಮೊದಲು ಮಾತು ಕೇಳಿ.

ಜಿಲ್ಲೆಯ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಹಳೆಯ ಕ್ಯಾಸೆಟ್ಟುಗಳು ಇನ್ನೂ ಇವೆ. ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆ, ಊರ ದೇವಸ್ಥಾನದ ಭಜನೆ, ಎಂದೋ ರೇಡಿಯೋದಿಂದ ಹಿಡಿದಿಟ್ಟ ಶ್ರೀಕಂಠನ್ ಕಛೇರಿ. ಶ್ರೀಕಂಠನ್ 2014ರಲ್ಲಿ ತೀರಿಕೊಂಡರು. ಆ ಅಜ್ಜಿಯರಲ್ಲಿ ಬಹುಪಾಲು ಮಂದಿ ಈಗಿಲ್ಲ. ಕ್ಯಾಸೆಟ್ಟಿನ ಪಟ್ಟಿ ವರ್ಷ ವರ್ಷಕ್ಕೂ ಸವೆಯುತ್ತಿದೆ. ಅದನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುವ ಕೆಲಸ ಮುಂದಕ್ಕೆ ಹಾಕುವಂಥದ್ದಲ್ಲ. ಆ ಮುದ್ರಣಗಳಲ್ಲಿ ಗುಮ್ಮುವ ಬೇಸೂ ಇಲ್ಲ, ಮಿನುಗುವ ತಾರವೂ ಇಲ್ಲ. ನಡುವಿನ ಸ್ಥಾಯಿಯಲ್ಲಿ ಒಂದು ಮನುಷ್ಯ ದನಿ ಮಾತ್ರ ಇದೆ. ಮನೆಗೆ ತರುವ ಪೆಟ್ಟಿಗೆ ಆ ದನಿಯನ್ನು ಗುರುತು ಸಿಗುವ ಹಾಗೆ ಕೇಳಿಸಿದರೆ ಉಳಿದ ಸಂಗೀತಕ್ಕೂ ಅದು ಒದಗುತ್ತದೆ.